ಸುಗಂಧರಾಯನೂ ಚೌಡವ್ವನ ಗುಂಡಿಯೂ

ಒಂದು ಕಾಡಿನಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಿತ್ತು. ಅಂಥ ನೆಲದಲ್ಲಿ ನೆಟ್ಟಿದ್ದು ಚಿಗುರುವುದೇ ಕಷ್ಟ. ಆದರೂ ಅಲ್ಲಿನ ಪ್ರಾಣಿಗಳು ಹಸಿದುಕೊಂಡು ಮಲಗಿದ್ದಿಲ್ಲ. ಯಾಕೆ ಅಂತ ಹೇಳುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಯಾರೂ ಮೂಗು ಮುಚ್ಚಿಕೊಳ್ಳಕೂಡದು. ಇದು ಕಕ್ಕದ ಕಥೆ. ಬೆಳಿಗ್ಗೆ ಎದ್ದು ನೀವು ಮಾಡುವುದೂ ಅದನ್ನೇ, ನಿಮ್ಮಜ್ಜಿ ಮಾಡುವುದೂ ಅದನ್ನೇ, ಕಿರೀಟ ಇಟ್ಟುಕೊಂಡ ರಾಜ ಮಾಡುವುದೂ ಅದನ್ನೇ. ಈ ಕಥೆಯ ಅನ್ಯಾಯವೆಲ್ಲ ಹುಟ್ಟಿದ್ದು ಮುಚ್ಚಿಕೊಂಡ ಮೂಗಿನಿಂದ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಕಾಡಿನಲ್ಲಿ ಪ್ರತಿ ಮನೆಗೂ ಎರಡು ಗುಂಡಿ ಇದ್ದವು. ಒಂದು ಈ ವರ್ಷದ್ದು, ಇನ್ನೊಂದು ಹೋದ ವರ್ಷದ್ದು. ಈ ವರ್ಷದ ಗುಂಡಿಯಲ್ಲಿ ಕೂತು ಎದ್ದವರು ಒಂದು ಹಿಡಿ ತರಗೆಲೆ, ಒಂದು ಹಿಡಿ ಮಣ್ಣು ಹಾಕಬೇಕು. ಗುಂಡಿ ತುಂಬಿದ ಮೇಲೆ ಅದರ ಬಾಯಿ ಮುಚ್ಚಿ ಬಿಟ್ಟುಬಿಡಬೇಕು. ಒಂದು ಮಳೆ, ಒಂದು ಚಳಿ, ಒಂದು ಬೇಸಿಗೆ ಕಳೆಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. 'ಗುಂಡಿ ಮಲಗಿದೆ' ಅನ್ನುತ್ತಿದ್ದರು. ಮಲಗಿದ ಗುಂಡಿಯನ್ನು ಎಬ್ಬಿಸಿದರೆ ಒಳಗಿರುವ ರೋಗವೂ ಎದ್ದು ಬರುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಿದ್ದರು. ಅದು ಸುಳ್ಳೂ ಅಲ್ಲ. ಮರುವರ್ಷ ತೆಗೆದು ನೋಡಿದರೆ ಒಳಗೆ ಕಕ್ಕವೂ ಇಲ್ಲ, ನಾತವೂ ಇಲ್ಲ, ಕಪ್ಪಗೆ ಪುಡಿಪುಡಿಯಾದ ಗೊಬ್ಬರ. ಅದನ್ನು ಗೆಣಸಿನ ಬುಡಕ್ಕೆ ಹಾಕುತ್ತಿದ್ದರು. ಉಚ್ಚೆಯನ್ನೂ ದಂಡ ಮಾಡುತ್ತಿರಲಿಲ್ಲ. ಸೋರೆ ಬುರುಡೆಯಲ್ಲಿ ಹಿಡಿದು, ಹತ್ತು ಪಾಲು ನೀರು ಬೆರೆಸಿ ಬಳ್ಳಿಗೆ ಹುಯ್ಯುತ್ತಿದ್ದರು.

ಇನ್ನೊಂದು ಕಟ್ಟುಪಾಡು ಇತ್ತು. ಅವರವರ ಗುಂಡಿಯನ್ನು ಅವರವರೇ ತೆಗೆಯಬೇಕು, ಅವರವರೇ ಹೊರಬೇಕು. ಕಾಡಿನ ಯಜಮಾನ ಕಾಡುಹಂದಿ ಭೋಗಪ್ಪನಾದರೂ ಅಷ್ಟೇ. ಹೀಗಿದ್ದುದರಿಂದ ಯಾರೂ ಯಾರನ್ನೂ ಕೊಳಕು ಅನ್ನುತ್ತಿರಲಿಲ್ಲ. ಎಲ್ಲರೂ ಹಳ್ಳದ ಒಂದೇ ಮಡುವಿನಲ್ಲಿ ನೀರು ಕುಡಿಯುತ್ತಿದ್ದರು.

ಅಲ್ಲಿ ಚೌಡವ್ವ ಅನ್ನುವ ಮುಳ್ಳುಹಂದಿ ಇದ್ದಳು. ಗಂಡನಿಲ್ಲ, ಎರಡು ಮರಿ. ಬಂಡೆಗಳ ನಡುವೆ ಒಂದು ಹಾಸಿಗೆಯಗಲದ ಜಾಗ ಬಿಡಿಸಿಕೊಂಡು ಗೆಣಸು ಹಾಕಿದ್ದಳು. ಬೇಸಿಗೆ ಪೂರ್ತಿ ಆ ಮರಿಗಳ ಹೊಟ್ಟೆಗೆ ಆ ಗೆಣಸೇ ಗತಿ. ಗೆಣಸಿಗೆ ಗುಂಡಿಯೇ ಗತಿ. ಅವಳ ಬಾಯಿ ಜೋರು, ಮುಳ್ಳು ಅದಕ್ಕಿಂತ ಜೋರು. ಪಕ್ಕದ ಪೊದೆಯ ಮೊಲ ದುಂಡಿ ಒಬ್ಬಳೇ ಅವಳಿಗೆ ಗೆಳತಿ.

ಒಂದು ಬೇಸಿಗೆಯ ಕೊನೆಗೆ ಆ ಕಾಡಿಗೆ ಒಂದು ಪುನುಗು ಬೆಕ್ಕು ಬಂತು. ಹೆಸರು ಸುಗಂಧರಾಯ. ಪಟ್ಟಣದ ಮಹಡಿ ಮನೆಯೊಂದರ ಅಟ್ಟದಲ್ಲಿ ಇದ್ದು ಬಂದವನು. ಅವನು ನಡೆದರೆ ದಾರಿಯೆಲ್ಲ ಘಮಘಮ. ಹಳ್ಳ ಇಳಿದು ಹೋಗಿ ತಿರುಗುವಲ್ಲಿ, ಎಲ್ಲರಿಗಿಂತ ಕೆಳಗೆ, ಒಂದು ದೊಡ್ಡ ಪೊಟರೆ ಹಿಡಿದು ಕೂತ. ಬಂದ ವಾರದಲ್ಲೇ ಎಲ್ಲರ ಮನೆಯ ಗೆಣಸು ತಿಂದು, ಎಲ್ಲರ ಗುಂಡಿಗಳನ್ನೂ ಕಣ್ಣಿಟ್ಟು ನೋಡಿದ. ಆಮೇಲೆ ಬಂಡೆಯ ಮೇಲೆ ಸಭೆ ಕರೆಸಿದ.

"ಸಜ್ಜನರೇ, ಹೇಳಲು ನನಗೇ ನಾಚಿಕೆ," ಅಂದ ಸುಗಂಧರಾಯ. "ಪಟ್ಟಣದಲ್ಲಿ ಇದನ್ನೆಲ್ಲ ಯಾರೂ ಮನೆಯ ಹತ್ತಿರ ಇಟ್ಟುಕೊಳ್ಳುವುದಿಲ್ಲ. ನೀರು ಬಿಟ್ಟರಾಯಿತು, ಕಣ್ಣು ಮಿಟುಕಿಸುವುದರೊಳಗೆ ಹೊರಟುಹೋಗುತ್ತದೆ. ನೀವು ನೋಡಿದರೆ ಅದನ್ನು ವರ್ಷಗಟ್ಟಲೆ ಕೂಡಿಟ್ಟು, ಅದರಲ್ಲಿ ಬೆಳೆದದ್ದನ್ನು ತಿನ್ನುತ್ತೀರಿ. ಹೊರಗಿನವರು ನಿಮ್ಮನ್ನು ಏನೆಂದು ಕರೆಯುತ್ತಾರೆ ಗೊತ್ತೇ?"

"ಏನಂತ?" ಅಂದ ಭೋಗಪ್ಪ.

"ಬೇಡ ಬಿಡಿ, ಯಜಮಾನರೇ. ನಿಮ್ಮಂಥವರ ಕಿವಿಗೆ ಬೀಳುವ ಮಾತಲ್ಲ."

ಅಷ್ಟೇ ಸಾಕಾಯಿತು. ಹೇಳದೆ ಬಿಟ್ಟ ಮಾತು ಹೇಳಿದ ಮಾತಿಗಿಂತ ಆಳಕ್ಕೆ ಇಳಿಯುತ್ತದೆ. ಭೋಗಪ್ಪನ ಮುಖ ಕೆಂಪಾಯಿತು. ನೆಲದಡಿಯ ಗೆಡ್ಡೆಯನ್ನು ವಾಸನೆಯಲ್ಲೇ ಕಂಡುಹಿಡಿಯುವ ಮೂಗು ಅವನದು. ಹುಟ್ಟಿದಾಗಿನಿಂದ ಕಾಣದ ಹೊಲಸು ಆ ಮೂಗಿಗೆ ಅವತ್ತು ಎಲ್ಲೆಲ್ಲೂ ಕಂಡಿತು.

"ಮತ್ತೆ ಏನು ಮಾಡೋದು, ರಾಯರೇ?" ಅಂದ.

"ಸುಲಭ. ಇನ್ನು ಮೇಲೆ ಎಲ್ಲರೂ ಹಳ್ಳದಲ್ಲೇ ಕೂರಿ. ನೀರು ಒಯ್ಯುತ್ತದೆ. ಹಳೆಯ ಗುಂಡಿಗಳನ್ನು ನಾನು ಬರಿದು ಮಾಡಿಸುತ್ತೇನೆ. ನೀವು ಮುಟ್ಟಬೇಡಿ, ನಿಮ್ಮ ಕೈಗೆ ಶೋಭೆಯಲ್ಲ. ಅದಕ್ಕೆಂದೇ ಹೆಗ್ಗಣಗಳಿವೆಯಲ್ಲ!"

ಹೆಗ್ಗಣಗಳು ಸಭೆಯ ಅಂಚಿನಲ್ಲಿ ಕೂತಿದ್ದವು. ಅವು 'ಅದಕ್ಕೆಂದೇ' ಇರುವುದು ಅಂತ ಅವುಗಳಿಗೂ ಗೊತ್ತಾದದ್ದು ಆವತ್ತೇ. ಯಾರೊಬ್ಬರೂ ಅವುಗಳ ಕಡೆ ತಿರುಗಿ 'ನಿಮಗೆ ಒಪ್ಪಿಗೆಯೇ' ಅಂತ ಕೇಳಲಿಲ್ಲ.

ಚೌಡವ್ವ ಎದ್ದು ನಿಂತಳು. ಮೈಯ ಮುಳ್ಳೆಲ್ಲ ನಿಮಿರಿ ಕಟಕಟ ಅಂದವು.

"ಏ ರಾಯ, ಹಳ್ಳ ಒಯ್ತದೆ ಅಂದ್ಯಲ್ಲ, ಎಲ್ಲಿಗೆ ಒಯ್ತದೆ?"

"ಆಚೆಗಮ್ಮ."

"ಆಚೆ ಅಂದ್ರೆ ಯಾರ ಮನೆ ಬಾಗಿಲು?"

"ಅದು ನಮಗೇಕೆ? ಕಣ್ಣಿಗೆ ಕಾಣುವುದಿಲ್ಲವಲ್ಲ."

"ನಮ್ಮನ್ನ ಹೊಲಸು ಅಂತೀಯಲ್ಲ, ನಿನ್ನ ಘಮಘಮ ಎಲ್ಲಿಂದ ಬತ್ತದೆ ಅಂತ ಈ ಸಭೇಲಿ ಹೇಳ್ಲಾ? ನಿನ್ನ ಬಾಲದ ಬುಡದಿಂದ ಕಣಯ್ಯ! ಅಲ್ಲಿಂದ ಬಂದ್ರೆ ನಿಂದು ಸುಗಂಧ, ನಮ್ದು ದುರ್ಗಂಧವಾ?"

ಮರಿಗಳು ಕಿಸಕ್ಕನೆ ನಕ್ಕವು. ದೊಡ್ಡವರು ನಗಲಿಲ್ಲ. ನಾಚಿಕೆಯಾದವರಿಗೆ ನಿಜ ಹೇಳುವವರನ್ನು ಕಂಡರೆ ಆಗುವುದಿಲ್ಲ. "ಬಾಯಿ ಮುಚ್ಚು, ಚೌಡವ್ವ," ಅಂದ ಭೋಗಪ್ಪ. "ನಿನ್ನಂಥವರಿಂದಲೇ ಕಾಡಿನ ಮಾನ ಹೋಗಿರೋದು."

ಮರುದಿನದಿಂದ ಹೆಗ್ಗಣಗಳು ಮನೆಮನೆಯ ಗುಂಡಿ ಬಗೆದು ಹೊತ್ತವು. ಹೋದ ವರ್ಷದ ಮಾಗಿದ ಗೊಬ್ಬರವನ್ನೂ ಹೊತ್ತವು, ಈ ವರ್ಷದ ಹಸಿಯದನ್ನೂ ಹೊತ್ತವು. ಕೂಲಿಗೆ ಕೊಳೆತ ಗೆಣಸು. ಹೊತ್ತು ಮುಗಿಸಿ ದಣಿದು ಮಡುವಿಗೆ ನೀರು ಕುಡಿಯಲು ಬಂದರೆ, ಭೋಗಪ್ಪ ಅಡ್ಡ ನಿಂತ. "ಥೂ, ದೂರ! ನಿಮ್ಮ ಮೈಯೆಲ್ಲ ಅದೇ ಹತ್ತಿದೆ," ಅಂದ. ಯಾರದು ಹತ್ತಿತ್ತು? ಅವನದೇ! ತನ್ನದನ್ನು ಇನ್ನೊಬ್ಬರ ತಲೆಗೆ ಹೊರಿಸಿ, ಹೊತ್ತವರನ್ನೇ ಕೊಳಕು ಅಂದ. ಇದಕ್ಕಿಂತ ಕೊಳಕು ಮಾತು ಆ ಕಾಡಿನಲ್ಲಿ ಹುಟ್ಟಿರಲಿಲ್ಲ. ಹೆಗ್ಗಣಗಳು ಬಂಡೆಯ ಸಂದಿಯ ನೀರು ನೆಕ್ಕಿಕೊಂಡು ಹಿಂದಿರುಗಿದವು.

ಚೌಡವ್ವನ ಗುಂಡಿಯ ಹತ್ತಿರ ಬಂದಾಗ ಮಾತ್ರ ಕೆಲಸ ನಿಂತಿತು. ಅವಳು ಗುಂಡಿಯ ಮೇಲೆಯೇ ಮುಳ್ಳು ಕೆದರಿ ಕೂತಿದ್ದಳು.

"ನಿಮ್ ಮೇಲೆ ನಂಗೆ ಸಿಟ್ಟಿಲ್ಲ ಕಣ್ರಪ್ಪ, ಹೋಗಿ," ಅಂದಳು ಹೆಗ್ಗಣಗಳಿಗೆ. ಹಿಂದೆ ನಿಂತಿದ್ದ ಭೋಗಪ್ಪನಿಗೆ ಅಂದಳು: "ಇದು ನನ್ ಮಕ್ಕಳ ಅನ್ನ. ಮುಟ್ಟಿ ನೋಡಿ, ಮೂತಿ ತುಂಬ ಮುಳ್ಳು ನೆಡ್ತೀನಿ."

"ಹಾಗಾದ್ರೆ ನೀನು ಮಡುವಿನ ಕಡೆ ತಲೆ ಹಾಕಬೇಡ," ಅಂದ ಭೋಗಪ್ಪ. "ನಮ್ಮ ನೀರು ಮೈಲಿಗೆ ಆಗ್ತದೆ."

ಅವಳು ಮಡು ಬಿಟ್ಟಳು. ಗುಡ್ಡದ ನೆತ್ತಿಯಲ್ಲಿ ಒಂದು ಸಣ್ಣ ಒರತೆ ಇತ್ತು. ಮರಿಗಳನ್ನು ಹಿಂದಿಟ್ಟುಕೊಂಡು ದಿನಾ ಅಲ್ಲಿಗೆ ಹತ್ತುತ್ತಿದ್ದಳು. ಹತ್ತುವಾಗ ಭೋಗಪ್ಪನನ್ನು ಬೈಯುತ್ತಿದ್ದಳು, ಇಳಿಯುವಾಗ ಸುಗಂಧರಾಯನನ್ನು.

ಮಳೆ ಬಂತು. ಎಲ್ಲರೂ ಗೆಣಸು ನೆಟ್ಟರು. ಬುಡಕ್ಕೆ ಹಾಕಲು ಏನೂ ಇಲ್ಲ. ಬಳ್ಳಿಗಳು ಗೇಣುದ್ದ ಬಂದು ಹಳದಿ ತಿರುಗಿದವು. ಆಗ ಸುಗಂಧರಾಯ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದ. ಬಿಚ್ಚಿದರೆ ಕಪ್ಪು ಮಣ್ಣು, ಘಮಘಮ.

"ಪಟ್ಟಣದಿಂದ ತರಿಸಿದ ಪರಿಮಳದ ಮಣ್ಣು," ಅಂದ. "ನಿಮ್ಮ ಕಷ್ಟ ನೋಡಲಾರೆ. ಬೆಳೆದದ್ದರಲ್ಲಿ ಅರ್ಧ ನನ್ನ ಪೊಟರೆಗೆ ಕಳಿಸಿ, ಸಾಕು."

ಎಲ್ಲರೂ ಮುಗಿಬಿದ್ದು ತೆಗೆದುಕೊಂಡರು. ಬಳ್ಳಿ ಹಸಿರಾಯಿತು. "ನೋಡಿದ್ರಾ ಪಟ್ಟಣದ ಮಣ್ಣಿನ ಮಹಿಮೆ!" ಅಂದ ಭೋಗಪ್ಪ. ಗೆಣಸು ಕಿತ್ತಾಗ ಅರ್ಧ ಭಾಗ ಪೊಟರೆಗೆ ಹೋಯಿತು. ಉಳಿದ ಅರ್ಧ ಚಳಿಗಾಲಕ್ಕೇ ಮುಗಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ, ಹಸಿದ ಕಾಡು ಘಮಘಮ ಅಂತ ಕೂತಿತ್ತು.

ಬೇಸಿಗೆ ಬಂತು. ಹಳ್ಳ ಹರಿಯುವುದು ನಿಂತಿತು. ಮಳೆಗಾಲದಲ್ಲಿ ನೀರು ಒಯ್ದದ್ದು ನಿಜ. ಈಗ ಒಯ್ಯಲು ನೀರೆಲ್ಲಿದೆ? ಆದರೆ ಕೂರುವುದನ್ನು ಯಾರು ನಿಲ್ಲಿಸುತ್ತಾರೆ? ಹಳ್ಳದ ಒಣ ಪಾತ್ರದ ಉದ್ದಕ್ಕೂ ಅದೇ ಬಿದ್ದಿತು. ಮಡುವಿನ ನೀರು ಹಸಿರಾಗಿ, ನೊರೆಗಟ್ಟಿ, ಕಡೆಗೆ ಕಪ್ಪಾಯಿತು. ಮಣ್ಣು ಸೇರಿ ಬೆಳೆ ಬೆಳೆಸಬೇಕಾದದ್ದೆಲ್ಲ ನೀರು ಸೇರಿ ನೀರನ್ನು ಕೊಂದಿತು. ಮರಿಗಳಿಗೆ ಭೇದಿ ಹಿಡಿಯಿತು.

ಮೊಲ ದುಂಡಿಯ ಕಿರಿಯ ಮರಿ ಬಿಳಿಮೂತಿಗೂ ಹಿಡಿಯಿತು. ಅದು ನೀರು ನೀರು ಅನ್ನುತ್ತಿತ್ತು. ದುಂಡಿ ಮಡುವಿನಿಂದ ತಂದು ಕುಡಿಸುತ್ತಿದ್ದಳು. ಕುಡಿಸಿದಷ್ಟೂ ಹೆಚ್ಚಾಯಿತು. ಒಂದು ಮಧ್ಯಾಹ್ನ ಅದು ನೀರು ಕೇಳುವುದನ್ನು ನಿಲ್ಲಿಸಿತು.

ದುಂಡಿ ಸತ್ತ ಮರಿಯನ್ನು ಎತ್ತಿಕೊಂಡು ಚೌಡವ್ವನ ಬಾಗಿಲಿಗೆ ಬಂದಳು. ಚೌಡವ್ವನ ಮರಿಗಳೆರಡೂ ಗುಂಡುಗುಂಡಾಗಿ ಗೆಣಸು ಕಡಿಯುತ್ತ ಕೂತಿದ್ದವು.

"ಅಕ್ಕಾ, ನಿನ್ನ ಮಕ್ಕಳು ಚೆನ್ನಾಗವೆ," ಅಂದಳು ದುಂಡಿ. "ಅವತ್ತು ಸಭೇಲಿ ನೀನು ಒಬ್ಬಳೇ ಕೂಗಿದೆ. ನಾನು ಪಕ್ಕದಲ್ಲೇ ಕೂತು ತಲೆ ತಗ್ಗಿಸಿಕೊಂಡೆ."

 ಚೌಡವ್ವ ಮರಿಯನ್ನು ಮಣ್ಣು ಮಾಡಲು ಕೈಹಾಕಿದಳು. ಮಣ್ಣು ಮುಚ್ಚಿ ಎದ್ದಾಗ ಅವಳಿಗೆ ಬಂದದ್ದು ಅಳು ಅಲ್ಲ, ಸಿಟ್ಟು.  ನೇರ ಹೆಗ್ಗಣಗಳ ಬಿಲಗಳ ಹತ್ತಿರ ಹೋದಳು. ಒಂದು ವರ್ಷದಿಂದ ಆ ಕಡೆ ಯಾರೂ ಕಾಲಿಟ್ಟಿರಲಿಲ್ಲ. ಹೆಗ್ಗಣಗಳ ಹಿರಿಯ ಮರಿಯಜ್ಜ ಗಾಬರಿಯಿಂದ ಹಿಂದೆ ಸರಿದ.

"ದೂರ ಇರವ್ವ, ನಮ್ಮನ್ನ ಮುಟ್ಟಿಸ್ಕಂಡ್ರೆ ನಿಂಗೂ..."

"ಸಾಕು ಬಿಡಜ್ಜ ಆ ಮಾತು," ಅಂದಳು ಚೌಡವ್ವ, ಅವನ ಪಕ್ಕದಲ್ಲೇ ಕೂರುತ್ತ. "ಗುಂಡಿಗಳಿಂದ ತೆಗೆದದ್ದನ್ನ ಎಲ್ಲಿಗೆ ಹೊತ್ರಿ?"

"ಇನ್ನೆಲ್ಲಿಗೆ? ರಾಯರ ಪೊಟರೆಗೆ. ಮಾಗಿದ್ದು ಒಂದ್ ಕಡೆ, ಹಸೀದು ಒಂದ್ ಕಡೆ ಹಾಕಿಸಿದ್ರು. ಹಸೀದಕ್ಕೆ ತರಗೆಲೆ ಮುಚ್ಚಿ ಮಲಗಿಸವ್ರೆ. ಮಾಗಿದ್ದಕ್ಕೆ ಬಾಲ ಉಜ್ಜಿ ಉಜ್ಜಿ ಪೊಟ್ಟಣ ಕಟ್ಟಿದ್ರು."

"ಇದನ್ನ ಯಾಕಜ್ಜ ಯಾರ್ಗೂ ಹೇಳ್ಲಿಲ್ಲ?"

"ಯಾರು ಕೇಳಿದ್ರವ್ವ?"

ಕೇಳಿದ್ದರೆ ಹೇಳುತ್ತಿದ್ದವು. ಇಡೀ ಕಾಡಿನಲ್ಲಿ ಯಾರೂ ಕೇಳಲಿಲ್ಲ. ಮುಟ್ಟಬಾರದವರ ಹತ್ತಿರ ಮಾತಾದರೂ ಯಾಕೆ ಅಂದುಕೊಂಡರು. ಸುಗಂಧರಾಯನ ಗುಟ್ಟನ್ನು ಕಾಪಾಡಿದ್ದು ಅವನ ಜಾಣತನವಲ್ಲ. ಕೇಳದೆ ಬಿಟ್ಟ ಇವರೇ ಅವನಿಗೆ ಕಾವಲು ಕಾದರು.

ಚೌಡವ್ವ ಮರಿಯಜ್ಜನನ್ನು ಕರೆದುಕೊಂಡೇ ಬಂಡೆಯ ಮೇಲೆ ಹತ್ತಿದಳು. ಹಸಿವಿನಿಂದ, ಭೇದಿಯಿಂದ ಸೋತು ಸುಣ್ಣವಾಗಿದ್ದ ಪ್ರಾಣಿಗಳೆಲ್ಲ ಸೇರಿದವು. ಸುಗಂಧರಾಯನೂ ಬಂದ, ಕೊಬ್ಬಿ ಮಿರಿಮಿರಿ ಮಿಂಚುತ್ತ. ಚೌಡವ್ವ ಹೆಗ್ಗಣಗಳ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

"ಹೆಗ್ಗಣದ ಮಾತೂ ಒಂದು ಮಾತೇ?" ಅಂದ ಸುಗಂಧರಾಯ.

"ಹಂಗಾದ್ರೆ ಅವನ ಮಾತು ಬೇಡ, ಯಜಮಾನ್ರ ಮೂಗೇ ಹೇಳ್ಲಿ," ಅಂದಳು ಚೌಡವ್ವ. ಮುಂದಿನ ಬೆಳೆಗೆಂದು ಅವನೇ ಹಂಚಲು ತಂದಿದ್ದ ಪೊಟ್ಟಣವನ್ನು ಕಿತ್ತು ಭೋಗಪ್ಪನ ಮುಂದೆ ಸುರಿದಳು. "ಮೂಸಿ ನೋಡಿ. ಘಮಘಮ ಬಿಟ್ಟು ಅದರ ಕೆಳಗೇನೈತೆ ನೋಡಿ. ವರ್ಷದಿಂದ ಮೂಗನ್ನ ಮಡಿಚಿ ಇಟ್ಟಿದ್ರಲ್ಲ, ಈಗ ಬಿಚ್ಚಿ."

ಭೋಗಪ್ಪ ಮೂಸಿದ. ಇನ್ನೊಮ್ಮೆ ಮೂಸಿದ. ಅವನ ಕಿವಿ ಜೋತುಬಿದ್ದವು.

"ಇದು ನಮ್ಮನೆ ಗುಂಡಿದು," ಅಂದ ಸಣ್ಣಗೆ.

ಸಭೆ ಹೋ ಅಂತ ಕೂಗುತ್ತ ಎದ್ದಿತು. ಸುಗಂಧರಾಯ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಮೀಸೆ ತೀಡಿಕೊಂಡು ನಕ್ಕ.

"ಹೌದು, ನಿಮ್ಮದೇ. ಅದಕ್ಕೇನೀಗ? ನೀವು ಬಿಸಾಡಿದಿರಿ, ನಾನು ಎತ್ತಿಕೊಂಡೆ. ಬಿಸಾಡಿದವರಿಗೆ ಹಕ್ಕೆಲ್ಲಿದೆ? ನಿಮಗೆ ಅದರ ಬೆಲೆ ಗೊತ್ತಿದ್ದರೆ ನನ್ನ ಒಂದು ಮಾತಿಗೆ ಬಿಟ್ಟುಕೊಡುತ್ತಿದ್ದಿರಾ? ಮುಂದಿನ ಮಳೆಗೂ ನನ್ನ ಪೊಟರೆಯಲ್ಲಿ ಗೊಬ್ಬರ ಮಲಗಿದೆ. ಈ ಸಲ ಅರ್ಧ ಸಾಲದು, ಮುಕ್ಕಾಲು ಕೊಡಿ. ಇಲ್ಲವಾದರೆ ಕಲ್ಲು ತಿನ್ನಿ."

 ಕಳ್ಳನೇ ಆದರೂ ಅವನು ಹೇಳಿದ್ದರಲ್ಲಿ ನಿಜವಿತ್ತು.  ಸುಗಂಧರಾಯ ಬಾಲ ಎತ್ತಿಕೊಂಡು, ಒಣಗಿದ ಹಳ್ಳದ ದಂಡೆ ಹಿಡಿದು, ಕೆಳಗಿನ ತನ್ನ ಪೊಟರೆಗೆ ಹೋದ.

ಜಾಣ ಎಲ್ಲವನ್ನೂ ಲೆಕ್ಕ ಹಾಕಿದ್ದ, ಒಂದನ್ನು ಬಿಟ್ಟು. ಆಚೆ ಆಚೆ ಅಂತ ಊರಿಗೆಲ್ಲ ಹೇಳಿದನಲ್ಲ, ಆ ಆಚೆ ಎಲ್ಲಿದೆ ಅಂತ ಅವನೂ ಯೋಚಿಸಿರಲಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದ.

ಸ್ವಲ್ಪ ದಿನದಲ್ಲೇ ಗುಡ್ಡದ ಮೇಲೆ ಮೊದಲ ಮಳೆ ಹುಯ್ಯಿತು. ಎಂಥ ಮಳೆ ಅಂತೀರಿ, ಹೋದ ವರ್ಷದ್ದು ಇದರ ಮುಂದೆ ಬರೀ ಹನಿ! ಬಂಡೆಯ ಮೇಲೆ ಬಿದ್ದ ನೀರೆಲ್ಲ ಒಟ್ಟಾಗಿ ಹಳ್ಳಕ್ಕೆ ನುಗ್ಗಿತು. ಬೇಸಿಗೆಯಿಡೀ ಹಳ್ಳದಲ್ಲಿ ಬಿದ್ದಿದ್ದ ಇಡೀ ಕಾಡಿನ ಹೊಲಸನ್ನು ಬಾಚಿಕೊಂಡು ಕೆಳಕ್ಕೆ ಓಡಿತು. ಹಳ್ಳ ತಿರುಗುವಲ್ಲಿ ನೀರು ತಿರುಗಲಿಲ್ಲ, ನೇರ ಪೊಟರೆಗೆ ಹೊಕ್ಕಿತು. ಮಲಗಿದ್ದ ಗೊಬ್ಬರ ಕೊಚ್ಚಿಕೊಂಡು ಹೋಯಿತು. ರಾಶಿ ಹಾಕಿದ್ದ ಗೆಣಸು ತೇಲಿಹೋಯಿತು. ಸುಗಂಧರಾಯ ಕೊರಳವರೆಗೆ ಅದರಲ್ಲೇ ಹೂತು, ಒಂದು ಬೇರು ಕಚ್ಚಿಕೊಂಡು ಜೀವ ಉಳಿಸಿಕೊಂಡ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಮಳೆ ನಿಂತ ಮೇಲೆ ಪ್ರಾಣಿಗಳೆಲ್ಲ ಚೌಡವ್ವನ ಬಾಗಿಲಲ್ಲಿ ನಿಂತಿದ್ದವು. ಇಡೀ ಕಾಡಿನಲ್ಲಿ ಗೊಬ್ಬರ ಉಳಿದಿದ್ದದ್ದು ಅವಳ ಗುಂಡಿಯಲ್ಲಿ ಮಾತ್ರ. ಭೋಗಪ್ಪ ತಲೆ ಎತ್ತಲಿಲ್ಲ.

"ಒಂದೊಂದು ಬೊಗಸೆ ಕೊಡವ್ವ," ಅಂದ. "ಬಳ್ಳಿ ನೆಡಬೇಕು."

ಅಷ್ಟರಲ್ಲಿ ಹಳ್ಳದ ಕಡೆಯಿಂದ ಏನೋ ತೆವಳಿಕೊಂಡು ಬಂತು. ಸುಗಂಧರಾಯ! ಮೈಯೆಲ್ಲ ಮೆತ್ತಿಕೊಂಡು ಗುರುತೇ ಸಿಗುತ್ತಿರಲಿಲ್ಲ. ಅವನ ಬಾಲದ ಪರಿಮಳ ಎಲ್ಲಿ ಹೋಯಿತೋ!

"ನೀರು," ಅಂದ. "ಒಂದು ಗುಟುಕು ಒಳ್ಳೆ ನೀರು."

ಭೋಗಪ್ಪ ಗಬಕ್ಕನೆ ಮೂಗು ಮುಚ್ಚಿಕೊಂಡ. "ಅಬ್ಬಾ, ಏನು ನಾತ! ದೂರ ಹೋಗೋ!"

ಚೌಡವ್ವನ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಸುಗಂಧರಾಯನ ಮೇಲಲ್ಲ.

"ತೆಗೀರಿ ಕೈಯ್ಯ!" ಅಂತ ಭೋಗಪ್ಪನ ಮೇಲೆ ಅರಚಿದಳು. "ಯಾರ ನಾತ ಅದು? ಅವನದಾ? ಅದು ನಿಮ್ದು, ಯಜಮಾನ್ರೇ! ನಿಮ್ದು, ಇವರದು, ಇಲ್ಲಿ ನಿಂತಿರೋ ಎಲ್ಲರದು. ಆಚೆ ಹೋಯ್ತು ಅಂದ್ಕೊಂಡಿದ್ರಲ್ಲ, ಅದೇ ನಡ್ಕೊಂಡು ವಾಪಸ್ ಬಂದೈತೆ. ಮೂಸಿ ಚೆನ್ನಾಗಿ!"

ಭೋಗಪ್ಪ ಮೆಲ್ಲಗೆ ಕೈ ತೆಗೆದ. ಎಲ್ಲರೂ ಮೂಗು ಬಿಟ್ಟುಕೊಂಡು ನಿಂತರು. 

"ಗೊಬ್ಬರ ಕೊಡ್ತೀನಿ," ಅಂದಳು ಚೌಡವ್ವ. "ಪುಕ್ಕಟೆ ಕೊಡ್ತೀನಿ. ಆದ್ರೆ ಒಬ್ಬೊಬ್ಬರೂ ನಿಮ್ ತಲೆ ಮೇಲೆ ನೀವೇ ಹೊರಬೇಕು. ಹೊರೋಕೆ ಮುಂಚೆ ಹೆಗ್ಗಣಗಳನ್ನ ಮಡುವಿಗೆ ಕರ್ಕೊಂಡು ಬನ್ನಿ. ಮಡು ತೊಳೆದು ಹೋಗೈತೆ, ಹೊಸ ನೀರು ಬಂದೈತೆ. ಮೊದಲ ಬೊಗಸೆ ಅವರದು. ಅವರು ಕುಡಿದ ಮೇಲೆ ನೀವು."

ಭೋಗಪ್ಪ ಹೆಗ್ಗಣಗಳ ಬಿಲಗಳ ಕಡೆ ತಾನೇ ಹೊರಟ.

ಸುಗಂಧರಾಯ ಇನ್ನೂ ಅಲ್ಲೇ ಬಿದ್ದಿದ್ದ. ದುಂಡಿ ಅವನನ್ನೇ ನೋಡುತ್ತ ನಿಂತಿದ್ದಳು.

"ನನ್ ಮಗೂನೂ ಹಿಂಗೇ ನೀರು ನೀರು ಅಂತಿತ್ತು," ಅಂದಳು. "ನಾನು ಕೊಟ್ಟ ನೀರೇ ಅದನ್ನ ತಿಂತು."

ಸುಗಂಧರಾಯ ಕಣ್ಣು ಮುಚ್ಚಿಕೊಂಡ. ದುಂಡಿ ಚೌಡವ್ವನ ಸೋರೆ ಬುರುಡೆಯಿಂದ ಒರತೆಯ ನೀರನ್ನು ಎಲೆಯ ದೊನ್ನೆಗೆ ಬಗ್ಗಿಸಿ, ಅವನ ಮುಂದೆ ಇಟ್ಟಳು. ಕುಡಿದನೋ ಇಲ್ಲವೋ ಅಂತ ನೋಡಲು ನಿಲ್ಲಲಿಲ್ಲ. ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಯಾಕೆ ಹೇಳಬೇಕು?

ನೀರು ಕುಡಿದು ಎದ್ದ ಸುಗಂಧರಾಯನ ಕೈಗೆ ಚೌಡವ್ವ ಒಂದು ಚೂಪು ಕಲ್ಲು ಕೊಟ್ಟಳು. "ತೋಡು," ಅಂದಳು. ಅವತ್ತು ಅವನು ತನಗಾಗಿ ಎರಡು ಗುಂಡಿ ತೋಡಿದ. ಪಕ್ಕದಲ್ಲಿ ಭೋಗಪ್ಪ ತನ್ನ ಗುಂಡಿ ತೋಡುತ್ತಿದ್ದ. ಆ ವರ್ಷ ಒಂದು ಗುಂಡಿಯ ಗೊಬ್ಬರವನ್ನು ಇಡೀ ಕಾಡು ಹಂಚಿಕೊಂಡಿತು. ಗೆಣಸು ಬೆರಳಿಗಿಂತ ದಪ್ಪ ಆಗಲಿಲ್ಲ. ಚೌಡವ್ವನ ಮರಿಗಳೂ ಅರೆಹೊಟ್ಟೆಯಲ್ಲೇ ಮಲಗಿದವು. ಅದಕ್ಕೂ ಅವಳು ಎಲ್ಲರನ್ನೂ ಬೈದಳು. 

ನೀತಿ: ನಮ್ಮ ಹೊಲಸನ್ನು ನಾವೇ ಹೊತ್ತು ಮಣ್ಣಿಗೆ ಕೊಟ್ಟರೆ ಅದು ಅನ್ನವಾಗುತ್ತದೆ, ನೀರಿಗೆ ಎಸೆದು, ಇನ್ನೊಬ್ಬರ ತಲೆಗೆ ಹೊರಿಸಿ ಮೂಗು ಮುಚ್ಚಿಕೊಂಡರೆ ಅದೇ ವಿಷವಾಗಿ ನಮ್ಮ ಬಾಗಿಲಿಗೆ ಬರುತ್ತದೆ.